ಎಂಆರ್‌ಐ ಹೇಳುವುದೆಷ್ಟು, ನಾವು ಕೇಳಿಸಿಕೊಳ್ಳುವುದೆಷ್ಟು?



ಗುರುವಾರ ಸಂಜೆ ಅಂದರೆ ಕತಾರ್‌ನಲ್ಲಿರುವ ನಮ್ಮಂಥವರಿಗೆಲ್ಲ ಅರ್ಧ ಹಬ್ಬ. ಮುಂದೆ ಎರಡು ದಿನ ರಜೆ, ಮಕ್ಕಳಿಗೆ ಬೆಳಗ್ಗೆ ಸ್ಕೂಲ್ ಬಸ್ಸಿನ ಗಡಿಬಿಡಿ ಇಲ್ಲ, ಯಾರದಾದರೂ ಮನೆಯಲ್ಲಿ ಊಟ. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಗುರುವಾರ ಸಂಜೆ ನನ್ನ ಮೊಬೈಲಿಗೆ ಒಂದು ಪಿಡಿಎಫ್ ಬಂತು. 11 ವರ್ಷದ ಮಗನ ಬಲಗಾಲಿನ ಎಂಆರ್‌ಐ ರಿಪೋರ್ಟು. ಎರಡು ತಿಂಗಳಿಂದ ಅವನಿಗೆ ಮೊಣಕಾಲಿನ ಕೆಳಗೆ ನೋವು. ಫುಟ್‌ಬಾಲ್ ಆಡುವಾಗ ಪೆಟ್ಟು ಮಾಡಿಕೊಂಡಿರಬೇಕು ಅಂತ ನಾವು ಸುಮ್ಮನಿದ್ದೆವು. ರಾತ್ರಿ ಎದ್ದು ಅಳೋಕೆ ಶುರು ಮಾಡಿದ ಮೇಲೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಅಲ್ಲಿಂದ ನೇರ ಎಂಆರ್‌ಐ.

ಎರಡು ಪುಟದ ರಿಪೋರ್ಟಿನಲ್ಲಿ ನನಗೆ ಅರ್ಥವಾಗಿದ್ದು ಕೊನೆಯ ಸಾಲು ಮಾತ್ರ. ಮೂಳೆಯಲ್ಲಿ ಏನೋ ಇದೆ, ಅದು 'ಅಗ್ರೆಸಿವ್' ಆಗಿ ಕಾಣುತ್ತಿದೆ, 'ಮಾಲಿಗ್ನೆನ್ಸಿ' ಅಲ್ಲ ಅಂತ ಹೇಳಲು ಆಗುವುದಿಲ್ಲ. ಇಷ್ಟೇ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಡಾಕ್ಟರ್ ಇನ್ನು ಭಾನುವಾರವೇ ಸಿಗುವುದು ಅಂದರು.

"ಏನಂತೆ ರೀ?" ಅಂತ ಅಡುಗೆಮನೆಯಿಂದಲೇ ನನ್ನಾಕೆ ಕೇಳಿದಳು. "ಏನಿಲ್ಲ, ಭಾನುವಾರ ಬರಬೇಕಂತೆ" ಅಂದೆ. ಆ ರಾತ್ರಿ ಮೂರು ಗಂಟೆಯ ತನಕ ಗೂಗಲ್ ಮುಂದೆ ಕೂತಿದ್ದೆ. ಬೆಳಗ್ಗೆ ಹಾಸನದಿಂದ ಅಪ್ಪ ಫೋನ್ ಮಾಡಿ ಒಂದು ನಿಮಿಷ ಮಾತಾಡುವಷ್ಟರಲ್ಲಿ "ಏನೋ, ಧ್ವನಿ ಯಾಕೋ ಹಂಗಿದೆ?" ಅಂದರು. ಅವರಿಗೂ ಸುಳ್ಳು ಹೇಳಿದೆ. ಆ ಎರಡು ದಿನ ಹೇಗೆ ಕಳೆದವು ಅಂತ ಇಲ್ಲಿ ಬರೆಯುವುದಿಲ್ಲ. ಮಕ್ಕಳಿರುವವರಿಗೆ ಅದನ್ನು ಬರೆದು ತಿಳಿಸಬೇಕಾಗಿಯೂ ಇಲ್ಲ.

ಭಾನುವಾರ ಪರಿಚಯದವರೊಬ್ಬರ ಸಹಾಯದಿಂದ ಬೇರೊಂದು ಆಸ್ಪತ್ರೆಯಲ್ಲಿ ಮೂಳೆಯ ಚಿತ್ರಗಳನ್ನೇ ನೋಡುವ ರೇಡಿಯಾಲಜಿಸ್ಟ್ ಒಬ್ಬರನ್ನು ಭೇಟಿಯಾದೆವು. ಅವರು ಎಂಆರ್‌ಐ ಸಿಡಿ ಹಾಕುವ ಮೊದಲೇ ಕೇಳಿದ ಪ್ರಶ್ನೆ: "ಎಕ್ಸ್‌ರೇ ಎಲ್ಲಿ?"

ನಾನು ತಬ್ಬಿಬ್ಬಾದೆ. ಅಷ್ಟು ದುಬಾರಿ ಎಂಆರ್‌ಐ ಆಗಿರುವಾಗ ಹಳೇ ಕಾಲದ ಎಕ್ಸ್‌ರೇ ಯಾಕೆ? ಈ ಲೇಖನ ಆ ಪ್ರಶ್ನೆಗೆ ಆಮೇಲೆ ನಾನು ಓದಿ, ಕೇಳಿ ಕಂಡುಕೊಂಡ ಉತ್ತರ. ನಾನು ಡಾಕ್ಟರಲ್ಲ, ಎಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಬರೆಯುವವನು. ಚಿಕಿತ್ಸೆ ಹೇಳುವ ಅಧಿಕಾರ ನನಗಿಲ್ಲ. ಆದರೆ ಒಂದು ಯಂತ್ರದಿಂದ ಎಷ್ಟು ಉತ್ತರ ನಿರೀಕ್ಷಿಸಬೇಕು ಅನ್ನುವ ಬಗ್ಗೆ ಹೇಳಲು ನನ್ನ ಹತ್ತಿರ ಒಂದು ಅಭಿಪ್ರಾಯವಿದೆ. ಅದು ಇಷ್ಟು: ಮೂಳೆಯ ಗಡ್ಡೆಯ ವಿಷಯದಲ್ಲಿ ಎಂಆರ್‌ಐ ಒಂದು ಅದ್ಭುತವಾದ ನಕ್ಷೆ, ಆದರೆ ಅದನ್ನೇ ತೀರ್ಪು ಅಂತ ಓದಿಕೊಳ್ಳುವ ನಮ್ಮ ಅಭ್ಯಾಸ ಅಪಾಯಕಾರಿ. ರಿಪೋರ್ಟು ಹೆದರಿಸಿದಾಗಲೂ ಅಪಾಯ, ಸಮಾಧಾನ ಹೇಳಿದಾಗಲೂ ಅಪಾಯ.

ಈ ಆಸೆ ಹೊಸತಲ್ಲ. ಎಂಆರ್‌ಐ ಹುಟ್ಟಿದ್ದೇ ಇದೇ ಆಸೆಯಿಂದ ಅಂದರೂ ತಪ್ಪಿಲ್ಲ. 1971ರಲ್ಲಿ ಅಮೆರಿಕದ ರೇಮಂಡ್ ಡಮಾಡಿಯನ್ ಅನ್ನುವ ವೈದ್ಯ ಇಲಿಗಳ ಗಡ್ಡೆಗಳನ್ನೂ ಆರೋಗ್ಯವಂತ ಅಂಗಗಳನ್ನೂ ಅಯಸ್ಕಾಂತದ ಯಂತ್ರದಲ್ಲಿಟ್ಟು ಅಳೆದ. ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ ಕಣಗಳನ್ನು ರೇಡಿಯೋ ಅಲೆಯಿಂದ ತಟ್ಟಿದರೆ ಅವು ಅಲುಗಿ, ಮತ್ತೆ ಮೊದಲಿನ ಸ್ಥಿತಿಗೆ ಬರಲು ಇಂತಿಷ್ಟು ಹೊತ್ತು ತೆಗೆದುಕೊಳ್ಳುತ್ತವೆ. ಕ್ಯಾನ್ಸರ್ ಇದ್ದ ಕಡೆ ಆ ಹೊತ್ತು ಜಾಸ್ತಿ ಅಂತ ಡಮಾಡಿಯನ್ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ. ಯಂತ್ರದಲ್ಲಿ ಮಲಗಿಸು, ಒಂದು ಅಂಕಿ ಬರುತ್ತೆ, ಆ ಅಂಕಿ ನೋಡಿ ಗಡ್ಡೆ ಸಾಧುವೋ ಕೇಡಿನದೋ ಹೇಳಿಬಿಡು. ಎಷ್ಟು ಚಂದದ ಕನಸು ನೋಡಿ! 1977ರ ಜುಲೈ 3ರಂದು ಅವನ ತಂಡ ಮನುಷ್ಯನೊಬ್ಬನ ಎದೆಯನ್ನು ಮೊದಲ ಬಾರಿ ಸ್ಕ್ಯಾನ್ ಮಾಡಿತು. ಒಂದೇ ಒಂದು ಮಸುಕು ಚಿತ್ರಕ್ಕೆ ಸುಮಾರು ಐದು ಗಂಟೆ ಹಿಡಿಯಿತು.

ಕನಸು ಮಾತ್ರ ಕೈಗೂಡಲಿಲ್ಲ. ಕಾರಣ ಸರಳ. ಆ ಅಂಕಿಯನ್ನು ಏರಿಸುವುದು ಮುಖ್ಯವಾಗಿ ಅಲ್ಲಿರುವ ನೀರು. ಕ್ಯಾನ್ಸರಿನಲ್ಲಿ ನೀರಿನಂಶ ಜಾಸ್ತಿ, ನಿಜ. ಕೀವಿನಲ್ಲೂ ಜಾಸ್ತಿ, ಊತದಲ್ಲೂ ಜಾಸ್ತಿ, ಕೂದಲೆಳೆಯಷ್ಟು ಬಿರುಕು ಬಿಟ್ಟ ಮೂಳೆಯ ಸುತ್ತಲೂ ಜಾಸ್ತಿ. ಒಂದರ ಅಂಕಿ ಇನ್ನೊಂದರ ಅಂಕಿಯ ಮೇಲೆ ಬಂದು ಕೂರುತ್ತದೆ. ಮುಂದೆ ಈ ತಂತ್ರವನ್ನು ಚಿತ್ರ ತೆಗೆಯುವ ವಿಧಾನವಾಗಿ ಬೆಳೆಸಿದ ಪಾಲ್ ಲೌಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಇಬ್ಬರಿಗೆ 2003ರಲ್ಲಿ ನೊಬೆಲ್ ಬಂತು. ತನ್ನನ್ನು ಬಿಟ್ಟರು ಅಂತ ಡಮಾಡಿಯನ್ ಅಮೆರಿಕದ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಜಗಳ ತೆಗೆದ. ಯಾರು ಸರಿ ಅನ್ನುವ ವಾದ ನಮಗೆ ಬೇಡ. ನಮಗೆ ಬೇಕಾದ್ದು ಇಷ್ಟೇ: 'ಅಂಕಿ ನೋಡಿ ತೀರ್ಪು' ಅನ್ನುವ ಆಸೆ ಅಂದೇ ಬಿದ್ದುಹೋಗಿತ್ತು. ನಾವು ಅದನ್ನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇವೆ.

ಈಗ ಮೂಳೆಗೆ ಬರೋಣ. ಮೂಳೆಯಲ್ಲಿ ಎಂಆರ್‌ಐ ಎಡವುವ ಜಾಗಗಳು ರೇಡಿಯಾಲಜಿಯವರಿಗೆಲ್ಲ ಗೊತ್ತಿರುವಂಥವೇ. ಕೆಲವನ್ನು ಹೇಳುತ್ತೇನೆ.

'ಆಸ್ಟಿಯಾಯ್ಡ್ ಆಸ್ಟಿಯೋಮಾ' ಅಂತ ಒಂದು ಸಾಧು ಗಡ್ಡೆ ಇದೆ. ನ್ಯೂಯಾರ್ಕಿನ ಹೆನ್ರಿ ಜಾಫೆ 1935ರಲ್ಲಿ ಇದನ್ನು ಗುರುತಿಸಿ ವಿವರಿಸಿದ. ಗಾತ್ರ ಒಂದು ಕಡಲೆಕಾಳಿನಷ್ಟು, ಆದರೆ ಅದರ ಸುತ್ತಲಿನ ಮೂಳೆ, ಮಾಂಸವೆಲ್ಲ ಊದಿಕೊಂಡು ಎಂಆರ್‌ಐನಲ್ಲಿ ದೊಡ್ಡದೊಂದು ಬಿಳಿ ಮೋಡದ ಹಾಗೆ ಕಾಣುತ್ತದೆ. ಮೋಡ ಕಂಡವರು ಭಯಂಕರವಾದುದನ್ನೇ ಊಹಿಸುತ್ತಾರೆ, ಒಳಗಿನ ಕಾಳು ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಜಾಗದ ಸಿಟಿ ಸ್ಕ್ಯಾನ್ ತೆಗೆದರೆ ಕಾಳು ಸ್ಪಷ್ಟವಾಗಿ ಸಿಗುತ್ತದೆ.

ಇನ್ನೊಂದು ಕಡೆ ಇದರ ತದ್ವಿರುದ್ಧ. 'ಅನ್ಯೂರಿಸ್ಮಲ್ ಬೋನ್ ಸಿಸ್ಟ್' ಅನ್ನುವ ಸಾಧು ಗಂಟಿನಲ್ಲಿ ರಕ್ತ ತುಂಬಿದ ಪುಟ್ಟ ಪುಟ್ಟ ಕೋಣೆಗಳಿರುತ್ತವೆ. ಎಂಆರ್‌ಐನಲ್ಲಿ ಅವು ಲೋಟದ ತಳದಲ್ಲಿ ಗಸಿ ನಿಂತ ಹಾಗೆ ಎರಡು ಪದರವಾಗಿ ಕಾಣುತ್ತವೆ. ಈ ಗುರುತು ನೋಡಿ ಸಾಧು ಅಂತ ಅಂದುಬಿಡೋಣ ಅಂದರೆ, 'ಟೆಲಂಜಿಯೆಕ್ಟ್ಯಾಟಿಕ್ ಆಸ್ಟಿಯೋಸಾರ್ಕೋಮಾ' ಅನ್ನುವ ಉಗ್ರ ಕ್ಯಾನ್ಸರೂ ಇದೇ ವೇಷ ಹಾಕಬಲ್ಲದು. ಇನ್ನು 20ರಿಂದ 40ರ ವಯಸ್ಸಿನವರ ಮೊಣಕಾಲಿನ ಹತ್ತಿರ ಬರುವ 'ಜಯಂಟ್ ಸೆಲ್ ಟ್ಯೂಮರ್' ಹೆಸರಿಗೆ ಸಾಧು, ಆದರೆ ಮೂಳೆಯನ್ನು ಕೀಲಿನ ಅಂಚಿನ ತನಕ ತಿಂದುಹಾಕುತ್ತದೆ. ಮೂಳೆಯ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಇದೆ, ಅದೂ ಗಡ್ಡೆಯ ಹಾಗೆ ಕಾಣಿಸಬಲ್ಲದು. ಮಕ್ಕಳ ಮೂಳೆಗೆ ಕೀವು ಸೋಂಕು ತಗುಲಿದರೆ 'ಯೂಯಿಂಗ್ ಸಾರ್ಕೋಮಾ' ಅನ್ನುವ ಕ್ಯಾನ್ಸರಿನ ಹಾಗೆಯೇ ಜ್ವರ, ಊತ, ನೋವು ಎಲ್ಲ ಇರುತ್ತದೆ. ಹಗ್ಗ ಹಾವಾಗಿ ಕಾಣುವುದೂ ಉಂಟು, ಹಾವು ಹಗ್ಗವಾಗಿ ಕಾಣುವುದೂ ಉಂಟು.

ಹಾಗಾದರೆ ಆ ಡಾಕ್ಟರ್ ಎಕ್ಸ್‌ರೇ ಯಾಕೆ ಕೇಳಿದರು? ಮೂಳೆ ಗಡ್ಡೆಯ ವಿಷಯದಲ್ಲಿ ಈ ಮುದಿ ಎಕ್ಸ್‌ರೇ ಹೇಳುವ ಒಂದು ಮುಖ್ಯ ಸಂಗತಿಯನ್ನು ಎಂಆರ್‌ಐ ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಅದು ಗಡ್ಡೆ ಬೆಳೆಯುತ್ತಿರುವ ವೇಗ. ನಮ್ಮ ಊರ ಗದ್ದೆಯ ಬದು ನೆನಪಿಸಿಕೊಳ್ಳಿ. ನೀರು ನಿಧಾನವಾಗಿ ಏರಿದರೆ ರೈತನಿಗೆ ಬದು ಕಟ್ಟಿಕೊಳ್ಳಲು ಸಮಯ ಸಿಗುತ್ತದೆ. ಒಮ್ಮೆಲೇ ನೆರೆ ಬಂದರೆ ಬದು ಕೊಚ್ಚಿಹೋಗುತ್ತದೆ. ಗಡ್ಡೆ ನಿಧಾನವಾಗಿ ಬೆಳೆದರೆ ಸುತ್ತಲಿನ ಮೂಳೆ ಗಟ್ಟಿ ಬಿಳಿ ಅಂಚು ಕಟ್ಟಿಕೊಳ್ಳುತ್ತದೆ, ಎಕ್ಸ್‌ರೇಯಲ್ಲಿ ಪೆನ್ಸಿಲ್ ಗೆರೆ ಎಳೆದ ಹಾಗೆ ಕಾಣುತ್ತದೆ. ವೇಗವಾಗಿ ಬೆಳೆದರೆ ಅಂಚೇ ಇರುವುದಿಲ್ಲ, ಗೆದ್ದಲು ತಿಂದ ಮರದ ಹಾಗೆ ಇರುತ್ತದೆ.

ಈ ಅಂಚುಗಳಿಗೆ ಕ್ರಮವಾದ ದರ್ಜೆ ಕೊಟ್ಟವರು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಗ್ವಿಲಿಮ್ ಲೋಡ್ವಿಕ್. ನಮ್ಮ ಸಾಫ್ಟ್‌ವೇರ್ ಬಂಧುಗಳಿಗೆ ಒಂದು ಖುಷಿಯ ಸುದ್ದಿ: ಈ ಲೋಡ್ವಿಕ್ 1963ರಲ್ಲೇ ಮೂಳೆ ಗಡ್ಡೆಯ ಎಕ್ಸ್‌ರೇ ಲಕ್ಷಣಗಳನ್ನು ಕಂಪ್ಯೂಟರಿಗೆ ಊಡಿಸಿ, ಬೇಯ್ಸ್ ಸೂತ್ರದಿಂದ ರೋಗ ಗುರುತಿಸುವ ಪ್ರಯತ್ನವನ್ನು ಪ್ರಕಟಿಸಿದ್ದರು! ಬೇಯ್ಸ್ ಸೂತ್ರ ಕಾಲೇಜಿನಲ್ಲಿ ನಾವೆಲ್ಲ ಉರು ಹೊಡೆದದ್ದೇ. ಒಂದು ಸುಳಿವಿನ ಬೆಲೆ ಆ ಸುಳಿವು ಸಿಗುವ ಮೊದಲು ನಿಮಗೆ ಏನು ಗೊತ್ತಿತ್ತು ಅನ್ನುವುದರ ಮೇಲೆ ನಿಂತಿದೆ. ಮೂಳೆಯ ವಿಷಯದಲ್ಲಿ ಮೊದಲೇ ಗೊತ್ತಿರಬೇಕಾದ್ದು ಎರಡು: ರೋಗಿಯ ವಯಸ್ಸು ಮತ್ತು ಗಡ್ಡೆ ಕೂತಿರುವ ಜಾಗ. 10ರಿಂದ 20ರ ಹುಡುಗನ ಮೊಣಕಾಲಿನ ಹತ್ತಿರದ ಗಡ್ಡೆಗೂ, 60 ವರ್ಷದ ಅಜ್ಜಿಯ ತೊಡೆಮೂಳೆಯ ಗಡ್ಡೆಗೂ ಚಿತ್ರ ಒಂದೇ ಥರ ಇದ್ದರೂ ಅರ್ಥ ಬೇರೆ. ಮಕ್ಕಳಲ್ಲಿ ಯೋಚಿಸಬೇಕಾದ್ದು ಆಸ್ಟಿಯೋಸಾರ್ಕೋಮಾ, ಯೂಯಿಂಗ್ ಇಂಥವು. 40 ದಾಟಿದವರಲ್ಲಿ ಬೇರೆ ಅಂಗದ ಕ್ಯಾನ್ಸರ್ ಮೂಳೆಗೆ ಬಂದಿದೆಯೇ, ಮೈಲೋಮಾ ಇದೆಯೇ ಅಂತ ಮೊದಲು ನೋಡಬೇಕು. ವಯಸ್ಸು, ಜಾಗ, ಎಕ್ಸ್‌ರೇ ಮೂರೂ ಇಲ್ಲದೆ ಬರೀ ಎಂಆರ್‌ಐ ಓದುವುದು ಅಂದರೆ ಪತ್ತೇದಾರಿ ಕಾದಂಬರಿಯನ್ನು ನಡುಪುಟದಿಂದ ಶುರು ಮಾಡಿದ ಹಾಗೆ.

ಇಷ್ಟು ಹೇಳಿದ್ದಕ್ಕೆ ಎಂಆರ್‌ಐ ದಂಡ ಅಂತ ತಿಳಿಯಬೇಡಿ. ಅದರ ನಿಜವಾದ ಕೆಲಸ ಬೇರೆ, ಮತ್ತು ಆ ಕೆಲಸದಲ್ಲಿ ಅದನ್ನು ಮೀರಿಸಿದ್ದು ಇಲ್ಲ. ಗಡ್ಡೆ ಮಜ್ಜೆಯೊಳಗೆ ಎಲ್ಲಿಯ ತನಕ ಹೋಗಿದೆ? ಮೂಳೆಯಿಂದ ಹೊರಬಿದ್ದು ಮಾಂಸಖಂಡ ಹಿಡಿದಿದೆಯೇ? ನರ, ರಕ್ತನಾಳ ಎಷ್ಟು ದೂರ? ಕೀಲಿನೊಳಗೆ ನುಗ್ಗಿದೆಯೇ? ಅದೇ ಮೂಳೆಯಲ್ಲಿ ಇನ್ನೊಂದು ಕಡೆ ಮರಿ ಹಾಕಿದೆಯೇ? ಇವಕ್ಕೆ ಎಂಆರ್‌ಐ ಹೇಳುವಷ್ಟು ಸ್ಪಷ್ಟವಾಗಿ ಇನ್ನೊಂದು ಸ್ಕ್ಯಾನ್ ಹೇಳುವುದಿಲ್ಲ. ಅದಕ್ಕೇ ಕ್ಯಾನ್ಸರಿನ ಅನುಮಾನ ಇದ್ದಾಗ ನೋವಿರುವ ಜಾಗ ಮಾತ್ರವಲ್ಲ, ಇಡೀ ಮೂಳೆಯ ಎಂಆರ್‌ಐ ತೆಗೆಯುತ್ತಾರೆ.

ಈ ನಕ್ಷೆಯ ಬೆಲೆ ಏನು ಅಂತ ತಿಳಿಯಲು ಕೆನಡಾದ ಟೆರ್ರಿ ಫಾಕ್ಸ್‌ನ ಕಥೆ ಸಾಕು. 1977ರಲ್ಲಿ 18 ವರ್ಷದ ಆ ಹುಡುಗನ ಬಲ ಮೊಣಕಾಲಿನ ಹತ್ತಿರ ಆಸ್ಟಿಯೋಸಾರ್ಕೋಮಾ ಕಂಡಿತು. ಆಗ ಸಾಮಾನ್ಯವಾಗಿ ಮಾಡುತ್ತಿದ್ದ ಆಪರೇಷನ್ ಅಂದರೆ ಮೊಣಕಾಲಿನ ಮೇಲಿಂದ ಕಾಲು ತೆಗೆಯುವುದು. ತೆಗೆದರು. 1980ರಲ್ಲಿ ಅವನು ಕೃತಕ ಕಾಲು ಹಾಕಿಕೊಂಡು ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಕೆನಡಾ ದಾಟಲು ಹೊರಟ. 143 ದಿನ ಓಡಿದ. ರೋಗ ಶ್ವಾಸಕೋಶಕ್ಕೆ ಹೋಗಿದ್ದರಿಂದ ನಿಲ್ಲಿಸಬೇಕಾಯಿತು. 1981ರ ಜೂನ್ 28ರಂದು ತೀರಿಕೊಂಡ. ಕೀಮೋಥೆರಪಿ ಬರುವ ಮುಂಚೆ ಈ ರೋಗ ಬಂದ ಐದು ಮಂದಿಯಲ್ಲಿ ಒಬ್ಬರು ಉಳಿದರೆ ಹೆಚ್ಚು. ಇಂದು ರೋಗ ಬೇರೆ ಕಡೆ ಹರಡುವ ಮುಂಚೆ ಹಿಡಿದರೆ, ಸರಿಯಾದ ಕೀಮೋ ಮತ್ತು ಆಪರೇಷನ್ ಆದವರಲ್ಲಿ ಮೂವರಲ್ಲಿ ಸುಮಾರು ಇಬ್ಬರು ಉಳಿಯುತ್ತಾರೆ. ಬಹಳಷ್ಟು ಮಂದಿಯ ಕಾಲೂ ಉಳಿಯುತ್ತದೆ. ಎಲ್ಲಿ ಕತ್ತರಿಸಬೇಕು, ಎಷ್ಟು ಉಳಿಸಬಹುದು ಅಂತ ಸರ್ಜನ್‌ಗೆ ಮೊದಲೇ ತೋರಿಸುವುದು ಈ ಎಂಆರ್‌ಐ ನಕ್ಷೆಯೇ.

ಹಾಗಾದರೆ ತೀರ್ಪು ಯಾರದು? ನಮ್ಮ ಹಿರಿಯರ ಗಾದೆ ಇದೆಯಲ್ಲ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ. ಇಲ್ಲಿ ಪ್ರಮಾಣ ಅಂದರೆ ಬಯಾಪ್ಸಿ. ಅನುಮಾನ ಇರುವ ಗಡ್ಡೆಯ ಒಂದು ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಅದನ್ನೂ ಪ್ಯಾಥಾಲಜಿಸ್ಟ್ ಒಬ್ಬರೇ ಅಲ್ಲ, ರೇಡಿಯಾಲಜಿಸ್ಟ್ ಮತ್ತು ಸರ್ಜನ್ ಜೊತೆ ಕೂತು ನೋಡಬೇಕು. ಎಲ್ಲ ಗಡ್ಡೆಗೂ ಬಯಾಪ್ಸಿ ಬೇಕಿಲ್ಲ ಅನ್ನುವುದನ್ನೂ ಹೇಳಬೇಕು. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ 'ನಾನ್ ಆಸಿಫೈಯಿಂಗ್ ಫೈಬ್ರೋಮಾ'ದಂಥ ಕೆಲವನ್ನು ಅನುಭವಿಗಳು ಎಕ್ಸ್‌ರೇ ನೋಡಿದ ಕೂಡಲೇ ಗುರುತಿಸಿ, ಮುಟ್ಟದೆ ಬಿಡಿ ಅನ್ನುತ್ತಾರೆ.

ಬಯಾಪ್ಸಿ ವಿಷಯದಲ್ಲಿ ನಮ್ಮ ಕಡೆ ಒಂದು ದೊಡ್ಡ ಹೆದರಿಕೆ ಇದೆ. "ಸೂಜಿ ಚುಚ್ಚಿದರೆ ಕ್ಯಾನ್ಸರ್ ಕೆರಳಿ ಹರಡುತ್ತೆ" ಅಂತ. ಊರಿನಲ್ಲಿ ನಮ್ಮ ಅತ್ತೆಯೊಬ್ಬರು ಇದನ್ನು ಹೇಳದ ದಿನವಿಲ್ಲ. ಈ ಮಾತಿನಲ್ಲಿ ಒಂದು ಪಾಲು ನಿಜವಿದೆ. ಮೂಳೆಯ ಕ್ಯಾನ್ಸರಿನಲ್ಲಿ ಸೂಜಿ ಹೋದ ದಾರಿಯಲ್ಲಿ ಕಣಗಳು ಉಳಿಯಬಹುದು. ಅದಕ್ಕೇ ಮುಂದೆ ಆಪರೇಷನ್ ಮಾಡುವಾಗ ಸಾಮಾನ್ಯವಾಗಿ ಆ ದಾರಿಯನ್ನೂ ಸೇರಿಸಿ ತೆಗೆಯುತ್ತಾರೆ. ಅಂದರೆ ಸೂಜಿ ಎಲ್ಲಿಂದ ಹೋಗಬೇಕು ಅಂತ ಆಪರೇಷನ್ ಮಾಡುವ ಸರ್ಜನ್ ಮೊದಲೇ ತೀರ್ಮಾನಿಸಬೇಕು. ತಪ್ಪು ಜಾಗದಲ್ಲಿ ಚುಚ್ಚಿದರೆ ಉಳಿಯಬಹುದಾಗಿದ್ದ ಕಾಲೂ ಹೋಗಬಹುದು.

ಇದು ಬರೀ ಮಾತಲ್ಲ. ಅಮೆರಿಕದ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು 1982ರಲ್ಲಿ ಇಂಥ ಗಡ್ಡೆಗಳ 329 ರೋಗಿಗಳ ಬಯಾಪ್ಸಿಗಳನ್ನು ಪರಿಶೀಲಿಸಿದರು. ಬಯಾಪ್ಸಿಯ ತೊಂದರೆಯಿಂದಾಗಿ 15 ಮಂದಿ ಅಗತ್ಯವಿಲ್ಲದೆ ಕೈ ಅಥವಾ ಕಾಲು ಕಳೆದುಕೊಂಡಿದ್ದರು. 1996ರಲ್ಲಿ 597 ರೋಗಿಗಳ ಮೇಲೆ ಮತ್ತೆ ಅದೇ ಪರಿಶೀಲನೆ. ಆಗಲೂ 18 ಮಂದಿ. ಎರಡೂ ಸಲ ತಪ್ಪುಗಳು ಹೆಚ್ಚಾಗಿ ಕಂಡಿದ್ದು, ಮುಂದೆ ಚಿಕಿತ್ಸೆ ಕೊಡುವ ಕೇಂದ್ರದಲ್ಲಿ ಅಲ್ಲದೆ ಮೊದಲು ಹೋದ ಆಸ್ಪತ್ರೆಯಲ್ಲೇ ಬಯಾಪ್ಸಿ ಮಾಡಿಸಿಕೊಂಡವರಲ್ಲಿ. ಆದ್ದರಿಂದ ಕ್ರಮ ಮುಖ್ಯ: ಮೊದಲು ಎಕ್ಸ್‌ರೇ, ಆಮೇಲೆ ಎಂಆರ್‌ಐ, ಆಮೇಲೆ ಚಿಕಿತ್ಸೆ ಕೊಡುವ ತಂಡದ ಕೈಯಿಂದಲೇ ಬಯಾಪ್ಸಿ. ಎಂಆರ್‌ಐ ಮೊದಲು ಯಾಕೆ ಅಂದರೆ, ಸೂಜಿ ಹೋದ ಮೇಲೆ ಒಳಗೆ ರಕ್ತ, ಊತ ಸೇರಿ ನಕ್ಷೆಯೇ ಕಲಸಿಹೋಗುತ್ತದೆ.

"ಈಗ ಎಐ ಬಂದಿದೆಯಲ್ಲ ಮಾರಾಯ, ಅದು ಹೇಳಿಬಿಡುತ್ತೆ" ಅಂತ ಇತ್ತೀಚೆಗೆ ಗೆಳೆಯರೊಬ್ಬರು ಅಂದರು. ನಮ್ಮ ವೃತ್ತಿಯ ವಿಷಯವಾದ್ದರಿಂದ ಇದಕ್ಕೂ ಉತ್ತರ ಹೇಳಬೇಕು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಯಾಪ್ಸಿಯಿಂದ ಖಚಿತವಾಗಿದ್ದ 1,060 ಮೂಳೆ ಗಡ್ಡೆಗಳ ಎಂಆರ್‌ಐಗಳನ್ನು ಬಳಸಿ ಕಂಪ್ಯೂಟರನ್ನು ಪಳಗಿಸಿ ಪರೀಕ್ಷಿಸಿದರು. ಸಾಧುವೋ ಕೇಡಿನದೋ ಅಂತ ಅದು ಸರಿಯಾಗಿ ಹೇಳಿದ್ದು ನೂರಕ್ಕೆ ಸುಮಾರು 76 ಸಲ. ಪರಿಣತ ರೇಡಿಯಾಲಜಿಸ್ಟರು 73 ಸಲ. ಯಂತ್ರ ಗೆದ್ದಿತು ಅಂತ ಚಪ್ಪಾಳೆ ತಟ್ಟಬಹುದು. ನಾನು ಮಾತ್ರ ಅದನ್ನು ಹೀಗೆ ಓದುತ್ತೇನೆ: ಬಯಾಪ್ಸಿ ಬೇಕಾಗುವಷ್ಟು ಕಷ್ಟದ ಗಡ್ಡೆಗಳಲ್ಲಿ ಪರಿಣತರೂ ಯಂತ್ರವೂ ನಾಲ್ಕರಲ್ಲಿ ಒಂದು ಸಲ ತಪ್ಪಿದರು. ನೂರಕ್ಕೆ 24 ತಪ್ಪು ಇರುವ ಪ್ರೋಗ್ರಾಮನ್ನು ನಾವು ಯಾವ ಕ್ಲೈಂಟಿಗೂ ಕೊಡುವುದಿಲ್ಲ. ಮಕ್ಕಳ ಕಾಲಿನ ವಿಷಯದಲ್ಲಿ ಅದನ್ನು ಒಪ್ಪಿಕೊಳ್ಳಬೇಕೇ?

ಕೆಲವರು ಕೇಳಬಹುದು, ರಿಪೋರ್ಟು ಬರೆಯುವವರು ಸುಮ್ಮನೆ ಹೆದರಿಸುವುದು ಯಾಕೆ ಅಂತ. ಆ ಗುರುವಾರ ನನಗೂ ಅದೇ ಸಿಟ್ಟಿತ್ತು. ಈಗ ಇಲ್ಲ. ಒಂದು ಕ್ಯಾನ್ಸರ್ ತಪ್ಪಿಸಿಕೊಳ್ಳುವುದಕ್ಕಿಂತ ಹತ್ತು ಮಂದಿ ಹೆದರುವುದು ಮೇಲು ಅನ್ನುವುದು ಅವರ ಲೆಕ್ಕ, ಆ ಲೆಕ್ಕ ಸರಿಯಾದದ್ದೇ. ಆ ಸಾಲು ಬರೆದಿದ್ದು ಇನ್ನೊಬ್ಬ ಡಾಕ್ಟರಿಗಾಗಿ. 'ಮುಂದೆ ನೋಡಿ' ಅಂತ ಅದರ ಅರ್ಥ. ಅದನ್ನು ಅಪ್ಪ ಅಮ್ಮಂದಿರು ರಾತ್ರಿ ಒಬ್ಬರೇ ಕೂತು ಓದಿದಾಗ 'ಮುಗಿಯಿತು' ಅಂತ ಕೇಳಿಸುತ್ತದೆ.

ಈಗ ನಮ್ಮ ಗಲ್ಫ್ ಜೀವನದ ಮಾತು. ನಾವು ಎರಡು ಥರದ ತಪ್ಪು ಮಾಡುತ್ತೇವೆ. ಒಂದು, ಮುಂದೂಡುವುದು. "ಜುಲೈ ರಜೆಗೆ ಊರಿಗೆ ಹೋದಾಗ ತೋರಿಸೋಣ" ಅನ್ನುವ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲ ಬರುತ್ತದೆ ಲೆಕ್ಕ ಹಾಕಿ. ಹಲ್ಲುನೋವಿಗಾದರೆ ಆಗಬಹುದು. ವಾರಗಟ್ಟಲೆ ಬಿಡದ, ಒಂದೇ ಕಡೆ ಇರುವ, ರಾತ್ರಿ ನಿದ್ದೆಯಿಂದ ಎಬ್ಬಿಸುವ, ಊತ ಇರುವ, ಕುಂಟುವಂತೆ ಮಾಡುವ ಮೂಳೆ ನೋವಿಗೆ ಜುಲೈ ತನಕ ಕಾಯಬಾರದು. ಮಕ್ಕಳ 'ಬೆಳೆಯುವ ನೋವು' ಸಾಮಾನ್ಯವಾಗಿ ಎರಡೂ ಕಾಲಿನಲ್ಲಿ ಬರುತ್ತದೆ, ಬೆಳಗ್ಗೆ ಮಗು ಎಂದಿನಂತೆ ಓಡಾಡುತ್ತದೆ. ಒಂದೇ ಕಾಲಿನ ನೋವಿಗೆ ಆ ಹೆಸರು ಇಟ್ಟು ಸುಮ್ಮನಿರಬಾರದು. ಊರಿಗೆ ಹೋದಾಗ ಎಣ್ಣೆ ತಿಕ್ಕಿಸುವುದು, ನಾಟಿ ಪಟ್ಟು ಹಾಕಿಸುವುದು ಇಂಥ ನೋವಿಗೆ ಖಂಡಿತ ಬೇಡ. ಹಾಗಂತ ಮಕ್ಕಳ ಕಾಲುನೋವಿಗೆಲ್ಲ ಬೆಚ್ಚಿಬೀಳುವುದೂ ಬೇಡ. ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್ ಎಲ್ಲ ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಒಂದು ಎಕ್ಸ್‌ರೇ ಸಾಕು, ಬಹಳಷ್ಟು ಅನುಮಾನ ಅಲ್ಲೇ ಮುಗಿಯುತ್ತದೆ.

ಎರಡನೆಯ ತಪ್ಪು ಇದರ ಉಲ್ಟಾ. ರಿಪೋರ್ಟು ಕಂಡ ಕೂಡಲೇ ಟಿಕೆಟ್ ತೆಗೆದು, ಸಿಕ್ಕಿದ ಊರಿನಲ್ಲಿ ಸಿಕ್ಕಿದ ಸರ್ಜನ್ ಹತ್ತಿರ ಓಡುವುದು. ನಾವಿರುವ ದೋಹಾ ಈಗ ಹಿಂದಿನ ದೋಹಾ ಅಲ್ಲ. ಹಮದ್ ಮೆಡಿಕಲ್ ಕಾರ್ಪೊರೇಷನ್ ಅಡಿಯಲ್ಲಿ 2004ರಲ್ಲಿ 'ಅಲ್ ಅಮಲ್' ಅನ್ನುವ ಹೆಸರಿನಲ್ಲಿ ಶುರುವಾದ ಕ್ಯಾನ್ಸರ್ ಆಸ್ಪತ್ರೆಯೇ ಇಂದಿನ ನ್ಯಾಷನಲ್ ಸೆಂಟರ್ ಫಾರ್ ಕ್ಯಾನ್ಸರ್ ಕೇರ್ ಆ್ಯಂಡ್ ರಿಸರ್ಚ್. ಅಲ್ ಅಮಲ್ ಅಂದರೆ ಅರಬ್ಬಿಯಲ್ಲಿ ಭರವಸೆ. ಮಕ್ಕಳಿಗಾಗಿ ಸಿದ್ರಾ ಆಸ್ಪತ್ರೆ 2018ರಲ್ಲಿ ಪೂರ್ತಿಯಾಗಿ ಬಾಗಿಲು ತೆರೆಯಿತು. ಊರಿನ ಕಡೆಗೇ ಹೋಗುವುದಾದರೆ 1973ರಿಂದ ಬೆಂಗಳೂರಿನಲ್ಲಿ ಕಿದ್ವಾಯಿ ಇದೆ, 1941ರಿಂದ ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಇದೆ. ಎಲ್ಲಿಗೆ ಹೋದರೂ ಸರಿ, ಕೇಳಬೇಕಾದ ಪ್ರಶ್ನೆ ಒಂದೇ: ಮೂಳೆ ಗಡ್ಡೆ ನೋಡುವ ಸರ್ಜನ್, ರೇಡಿಯಾಲಜಿಸ್ಟ್, ಪ್ಯಾಥಾಲಜಿಸ್ಟ್, ಕೀಮೋ ಡಾಕ್ಟರ್ ಎಲ್ಲರೂ ಕೂಡಿ ಕೂತು ಮಾತಾಡುವ ಪದ್ಧತಿ ಅಲ್ಲಿ ಇದೆಯೇ? ಇದ್ದರೆ ಅಲ್ಲೇ ಬಯಾಪ್ಸಿ, ಅಲ್ಲೇ ಚಿಕಿತ್ಸೆ. ಅರ್ಧ ಇಲ್ಲಿ, ಅರ್ಧ ಅಲ್ಲಿ ಅನ್ನುವುದನ್ನು ಆದಷ್ಟು ತಪ್ಪಿಸಿ.

ದೇಶ ದಾಟಿ ಓಡಾಡುವ ನಮಗೆ ಇನ್ನೊಂದು ಕಿವಿಮಾತು. ಎರಡನೇ ಅಭಿಪ್ರಾಯಕ್ಕೆ ಬರೀ ರಿಪೋರ್ಟಿನ ಕಾಗದ ಒಯ್ಯಬೇಡಿ. ಅದು ಇನ್ನೊಬ್ಬರ ಅಭಿಪ್ರಾಯ ಅಷ್ಟೇ. ಎಕ್ಸ್‌ರೇ ಮತ್ತು ಎಂಆರ್‌ಐನ ಪೂರ್ತಿ ಚಿತ್ರಗಳಿರುವ ಸಿಡಿ ಕೇಳಿ ಪಡೆಯಿರಿ. ಮೊಬೈಲಿನಲ್ಲಿ ಫಿಲ್ಮಿನ ಫೋಟೋ ಹೊಡೆದು ವಾಟ್ಸಾಪ್ ಮಾಡಿದರೆ ಸಾಲದು. ಬಯಾಪ್ಸಿ ಆಗಿದ್ದರೆ ಅದರ ಸ್ಲೈಡು, ಮೇಣದ ಬ್ಲಾಕು ಎರಡನ್ನೂ ಒಯ್ಯಿರಿ. ನಮ್ಮ ಸಂಘದಲ್ಲಿ ಡಾಕ್ಟರುಗಳಿದ್ದಾರೆ, ನರ್ಸ್ ಅಕ್ಕಂದಿರಿದ್ದಾರೆ. ರಾಜ್ಯೋತ್ಸವಕ್ಕೆ ಹಾಡು ಕುಣಿತ ಮಾಡುವ ನಾವು, ಇಂಥ ರಿಪೋರ್ಟು ಕೈಗೆ ಬಂದ ಗುರುವಾರ ರಾತ್ರಿ ಒಂದು ಕುಟುಂಬ ಯಾರಿಗೆ ಫೋನ್ ಮಾಡಬೇಕು ಅನ್ನುವುದಕ್ಕೂ ಒಂದು ವ್ಯವಸ್ಥೆ ಮಾಡಿಕೊಳ್ಳಬಾರದೇ? ಚಿಕಿತ್ಸೆ ಹೇಳುವುದು ಬೇಡ. "ಇದು ಕೊನೆಯ ಮಾತಲ್ಲ, ನಾಳೆ ಇಲ್ಲಿಗೆ ಹೋಗಿ" ಅಂತ ಹೇಳುವ ಒಂದು ಧ್ವನಿ ಸಾಕು. ಕಾರ್ಯಕಾರಿ ಸಮಿತಿಯವರು ಯೋಚಿಸಬೇಕು.

ಮಗನ ವಿಷಯ ಹೇಳದೆ ಮುಗಿಸಿದರೆ ನೀವು ಬೈಯುತ್ತೀರಿ. ಆ ಭಾನುವಾರ ಎಕ್ಸ್‌ರೇ ಆಯಿತು. ಡಾಕ್ಟರ್ ಅದನ್ನು ನೋಡಿ ಮಗನನ್ನೇ ಕೇಳಿದರು, "ರಾತ್ರಿ ನೋವಿಗೆ ಮಾತ್ರೆ ಕೊಟ್ಟರೆ ಏನಾಗುತ್ತೆ?" ಅವನು "ಅರ್ಧ ಗಂಟೇಲಿ ಪೂರ್ತಿ ಹೋಗುತ್ತೆ ಅಂಕಲ್" ಅಂದ. ನಾವು ಎರಡು ತಿಂಗಳಿಂದ ಐಬುಪ್ರೊಫೆನ್ ಕೊಡುತ್ತಿದ್ದೆವು, ಅದೇ ಒಂದು ಸುಳಿವು ಅಂತ ನಮಗೆ ಗೊತ್ತಿರಲಿಲ್ಲ. ಮರುದಿನ ಸಿಟಿ ಸ್ಕ್ಯಾನ್. ಬಿಳಿ ಮೋಡದ ನಡುವೆ 7 ಮಿಲಿಮೀಟರಿನ ಒಂದು ಕಾಳು. ಆಸ್ಟಿಯಾಯ್ಡ್ ಆಸ್ಟಿಯೋಮಾ! ಆಮೇಲೆ ಸಿಟಿ ಸ್ಕ್ಯಾನ್ ನೋಡುತ್ತಲೇ ಒಂದು ಸೂಜಿ ಇಳಿಸಿ, ರೇಡಿಯೋ ಅಲೆಯ ಬಿಸಿಯಿಂದ ಆ ಕಾಳನ್ನು ಸುಟ್ಟರು. ಮರುದಿನ ಅವನು ಮನೆಗೆ ನಡೆದುಕೊಂಡು ಬಂದ.

ನಮಗೆ ಅದೃಷ್ಟ ಇತ್ತು. ಅದೇ ಆಸ್ಪತ್ರೆಯ ಕಾರಿಡಾರಿನಲ್ಲಿ ನಮ್ಮ ಪಕ್ಕ ಕೂತಿದ್ದ ಇನ್ನೊಂದು ಮನೆಯವರಿಗೆ ಅದೃಷ್ಟ ಇರಲಿಲ್ಲ. ಅವರ ಮಗಳ ನೋವನ್ನು ಆರು ತಿಂಗಳು ಬೆಳೆಯುವ ನೋವು ಅಂದುಕೊಂಡಿದ್ದರಂತೆ. ಆ ತಾಯಿ ನನ್ನಾಕೆಗೆ ಹೇಳಿದ ಮಾತು, "ಯಾರಾದರೂ ಒಂದು ಎಕ್ಸ್‌ರೇ ತೆಗೆಸಿ ಅಂತ ಹೇಳಿದ್ದರೆ ತೆಗೆಸುತ್ತಿದ್ದೆವು." ನಾನು ಈ ಲೇಖನ ಬರೆದಿದ್ದು ಆ ಮಾತಿಗಾಗಿ. ಯಾರಾದರೂ ಹೇಳಬೇಕಿತ್ತು, ಈಗ ನಾನು ಹೇಳಿದ್ದೇನೆ.